ಸ್ಲೋಡೈವ್ ಮತ್ತೆ ಕೂಡಿದ್ದು

ಮಾಗಳದ ಹೊಳೆದಂಡೆಯಾಗ ಕುಂತು ನಾನು ಹೆಚ್ಚು ಕೇಳಿರೋ ಬ್ಯಾಂಡ್ ಅಂದ್ರ ಇಂಗ್ಲೆಂಡಿನ ರೆಡಿಂಗ್ ಊರಿನ ಸ್ಲೋಡೈವ್. ನೀಲ್ ಹಾಲ್‌ಸ್ಟೆಡ್, ರೇಚಲ್ ಗೋಸ್ವೆಲ್ ಇಬ್ರೂ ಬಾಲ್ಯದ ಗೆಳೆಯರು. 1989ರಾಗ ಬ್ಯಾಂಡ್ ಕಟ್ಟಿದ್ರು. ದನಿ ಯಾವುದು, ಗಿಟಾರ್ ಯಾವುದು ಗೊತ್ತಾಗದಂಗ ಒಂದರಾಗೊಂದು ಕರಗೋ ಸಂಗೀತ. ಆಗಿನ ವಿಮರ್ಶಕರು ಹೀಯಾಳಿಸಿದ್ರು. 1995ರಾಗ ಮೂರನೇ ಆಲ್ಬಂ ಬಂದ ಬೆನ್ನಿಗೇ ರೆಕಾರ್ಡ್ ಕಂಪನಿ ಕೈಬಿಡ್ತು, ಬ್ಯಾಂಡ್ ಚದುರಿತು.

ಹಾಡು ಮಾತ್ರ ಸುಮ್ಮನಿರಲಿಲ್ಲ. ಬ್ಯಾಂಡ್ ಒಡೆದಾಗ ಇನ್ನೂ ಹುಟ್ಟಿರದ ಹುಡುಗರು ಇಂಟರ್‌ನೆಟ್‌ನಾಗ ಹುಡುಕಿ ಹುಡುಕಿ ಕೇಳಿದ್ರು. 2014ರಾಗ ಬ್ಯಾಂಡಿನವರು ಮತ್ತೆ ವೇದಿಕೆ ಹತ್ತಿದ್ರು, 2017ರಾಗ ಹೊಸ ಆಲ್ಬಂ ತಂದ್ರು. ಎರಡು ಆಲ್ಬಂ ನಡುವೆ 22 ವರ್ಷ! ಹಳೇ ಹೆಸರು ಮಾರಿಕೊಳ್ಳೋ ಕೆಲಸ ಅಲ್ಲ ಅದು. ನನ್ನ ಕಿವಿಗೆ ಅದೇ ಅವರ ಅತ್ಯುತ್ತಮ.

ನಮ್ಮ ಹಡಗಲಿ, ಹರಪನಹಳ್ಳಿ ಕಡೆ ಜಾತ್ರಿ ನಾಟಕದ ತಾಲೀಮಿಗೆ ಪೇಟಿ ಮಾಸ್ತರ, ತಬಲಾದವರು ವರ್ಷಗಟ್ಟಲೆ ಮಾತು ಬಿಟ್ಟಿದ್ರೂ ಮೊದಲು ಶ್ರುತಿ ಕೂಡಿಸ್ತಾರ. ಕ್ಷೇಮಸಮಾಚಾರ ಆಮ್ಯಾಲ. ಸ್ಲೋಡೈವ್‌ನವರೂ ಹಂಗೇ ಕೂಡಿರಬೇಕು ಅನಿಸ್ತದ.

ಹೊಸದಾಗಿ ಕೇಳೋರು 2017ರ ಆಲ್ಬಂನ ‘ಶುಗರ್ ಫಾರ್ ದ ಪಿಲ್’ನಿಂದ ಶುರು ಮಾಡ್ರಿ. ಫೋನಿನ ಸ್ಪೀಕರ್ ಬ್ಯಾಡ, ಇಯರ್‌ಫೋನ್ ಹಾಕ್ಕೊಳ್ರಿ.