ಬೌವರಿ ಬೀದಿಯ ನಾದ ಪ್ರಯೋಗಗಳು

ನ್ಯೂಯಾರ್ಕ್ ನೋಡಲು ಹೋದವರು ಸ್ವಾತಂತ್ರ್ಯ ದೇವಿಯ ಪ್ರತಿಮೆ, ಎಂಪೈರ್ ಸ್ಟೇಟ್ ಕಟ್ಟಡಗಳಿಗೆ ಭೇಟಿ ಕೊಡದೆ ಹಿಂತಿರುಗುವುದಿಲ್ಲ. ಅಲ್ಲಿ ಓದಲು ಹೋಗುವ ನಮ್ಮ ವಿದ್ಯಾರ್ಥಿಗಳು, ಅವರನ್ನು ನೋಡಿಬರಲು ಹೋಗುವ ತಂದೆತಾಯಿಗಳು ಅರ್ಧ ದಿನ ಬಿಡುವು ಮಾಡಿಕೊಂಡು ಮ್ಯಾನ್‌ಹಟನ್‌ನ ಬೌವರಿ ಬೀದಿಯಲ್ಲೂ ಒಮ್ಮೆ ನಡೆಯಬೇಕು. ಕಣ್ಣಿಗೆ ಕಾಣುವ ವಿಶೇಷವೇನೂ ಇಲ್ಲ. ಆದರೆ ಕಳೆದ ಶತಮಾನದಲ್ಲಿ ಸಂಗೀತದ ಕೆಲವು ದಿಟ್ಟ ಪ್ರಯೋಗಗಳು ನಡೆದದ್ದು ಇದರ ಆಸುಪಾಸಿನಲ್ಲೇ.

ಆಸ್ಟರ್ ಪ್ಲೇಸ್ ನಿಲ್ದಾಣದಲ್ಲಿ ಸುರಂಗ ರೈಲಿನಿಂದಿಳಿದು ಮೇಲೆ ಬಂದರೆ ಹತ್ತಿರದಲ್ಲೇ ಕೂಪರ್ ಚೌಕ. ಇಲ್ಲಿನ ಐದನೇ ನಂಬರಿನಲ್ಲಿ ಫೈವ್ ಸ್ಪಾಟ್ ಎಂಬ ಸಣ್ಣ ಕೆಫೆ ಇತ್ತು. ಆರ್ನೆಟ್ ಕೋಲ್ಮನ್ 1959ರ ನವೆಂಬರ್‌ನಲ್ಲಿ ಇಲ್ಲಿ ನುಡಿಸಲು ಬಂದಾಗ ಅವರ ಕೈಯಲ್ಲಿದ್ದದ್ದು ಪ್ಲಾಸ್ಟಿಕ್ಕಿನ ಬಿಳಿ ಸ್ಯಾಕ್ಸೊಫೋನ್! ಲೋಹದ್ದನ್ನು ಕೊಳ್ಳಲು ಹಣವಿಲ್ಲದೆ ತಂದದ್ದು ಅದು. ಲಾಸ್ ಏಂಜಲೀಸ್‌ನಲ್ಲಿ ಲಿಫ್ಟ್ ನಡೆಸುವ ಕೆಲಸ ಮಾಡುತ್ತ, ನಡುನಡುವೆ ಸಂಗೀತಶಾಸ್ತ್ರದ ಪುಸ್ತಕ ಓದಿದವರು ಅವರು. ಜಾಝ್‌ನಲ್ಲಿ ಮನೋಧರ್ಮಕ್ಕೆ ಮೊದಲಿನಿಂದಲೂ ಸ್ಥಾನವುಂಟು. ಆದರೆ ಸ್ವರಮೇಳಗಳ ಸರಣಿ ಮುಂಚೆಯೇ ನಿಗದಿಯಾಗಿರುತ್ತಿತ್ತು. ಕೋಲ್ಮನ್ ಆ ಕಟ್ಟನ್ನು ಬಿಚ್ಚಿದರು. ಕೆಲವರು ಬೆರಗಾದರು, ಕೆಲವರು ರೇಗಿದರು. ಎರಡು ವಾರಕ್ಕೆಂದು ಗೊತ್ತಾಗಿದ್ದ ಕಚೇರಿ ಎರಡು ತಿಂಗಳು ಮೀರಿ ನಡೆಯಿತು. ಮರುವರ್ಷ ಅವರು ಧ್ವನಿಮುದ್ರಿಸಿದ ‘ಫ್ರೀ ಜಾಝ್’ ಈ ಮಾರ್ಗಕ್ಕೇ ಹೆಸರು ಕೊಟ್ಟಿತು. 2007ರಲ್ಲಿ ಅವರಿಗೆ ಪುಲಿಟ್ಜರ್ ಪ್ರಶಸ್ತಿ ಬಂತು.

ಅಲ್ಲಿಂದ ದಕ್ಷಿಣಕ್ಕೆ ಕೆಲವೇ ನಿಮಿಷದ ನಡಿಗೆಯಲ್ಲಿ 315ನೇ ನಂಬರು ಸಿಗುತ್ತದೆ. 1973ರಲ್ಲಿ ಹಿಲಿ ಕ್ರಿಸ್ಟಲ್ ಎಂಬವರು ಇಲ್ಲಿ ಸಿಬಿಜಿಬಿ ಎಂಬ ಕ್ಲಬ್ ತೆರೆದರು. ಆಗ ಬೌವರಿ ಎಂದರೆ ನಿರ್ಗತಿಕರ, ಕುಡುಕರ ಬೀದಿ. ಹಳ್ಳಿಗಾಡಿನ ಸಂಗೀತಕ್ಕೆಂದು ತೆರೆದ ಕ್ಲಬ್ಬಿಗೆ ಬಂದವರು ರಾಕ್ ತಂಡಗಳ ಹುಡುಗರು. ಕ್ರಿಸ್ಟಲ್ ಹಾಕಿದ ಷರತ್ತು ಮುಖ್ಯವಾದದ್ದು: ಬೇರೆಯವರ ಹಾಡು ಕೂಡದು, ಸ್ವಂತದ್ದನ್ನೇ ಹಾಡಬೇಕು. ಟೆಲಿವಿಷನ್, ರಾಮೋನ್ಸ್, ಟಾಕಿಂಗ್ ಹೆಡ್ಸ್ ತಂಡಗಳು ಬೆಳೆದದ್ದು ಹೀಗೆ.

ಪೂರ್ವಕ್ಕೆ ಮೂರು ಬೀದಿ ದಾಟಿದರೆ ಎಲ್ಡ್ರಿಜ್ ಬೀದಿ. 1981ರಲ್ಲಿ ಹುಟ್ಟಿದ ಸೋನಿಕ್ ಯೂತ್ ತಂಡದ ಥರ್ಸ್ಟನ್ ಮೂರ್, ಕಿಮ್ ಗಾರ್ಡನ್ ವಾಸವಿದ್ದದ್ದು ಇಲ್ಲಿ. ಇವರ ಬಳಿ ಇದ್ದವು ಅಗ್ಗದ ಗಿಟಾರ್‌ಗಳು. ವಾಡಿಕೆಯ ಶ್ರುತಿಯಲ್ಲಿ ಅವು ಚೆನ್ನಾಗಿ ನುಡಿಯುತ್ತಿರಲಿಲ್ಲ. ಆದ್ದರಿಂದ ಶ್ರುತಿಯನ್ನೇ ಬದಲಿಸಿದರು. ತಂತಿಗಳ ಕೆಳಗೆ ಸ್ಕ್ರೂಡ್ರೈವರ್ ತೂರಿಸಿ ನುಡಿಸಿದರು. ಇದು ಹುಚ್ಚಾಟವೆ? ಪಿಯುಸಿ ಪ್ರಯೋಗಾಲಯದ ಸೊನೊಮೀಟರ್ ನೆನಪಿಸಿಕೊಳ್ಳಿ. ಬಿಗಿತ ಬದಲಾಗದಿದ್ದರೆ, ಕಂಪಿಸುವ ತಂತಿಯ ಉದ್ದ ಅರ್ಧವಾದಾಗ ಆವೃತ್ತಿ ಎರಡರಷ್ಟಾಗುತ್ತದೆ. ಸ್ಕ್ರೂಡ್ರೈವರ್ ಇಲ್ಲಿ ಸೊನೊಮೀಟರಿನ ಕುದುರೆಯಂತೆ ತಂತಿಯನ್ನು ಎರಡು ಭಾಗ ಮಾಡುತ್ತದೆ. ಎರಡೂ ಭಾಗಗಳು ಒಟ್ಟಿಗೆ ಕಂಪಿಸುತ್ತವೆ. ಅವುಗಳ ಉದ್ದ ಸರಳ ಅನುಪಾತದಲ್ಲಿ ಇಲ್ಲದಿದ್ದರೆ ಗಂಟೆ ಬಾರಿಸಿದಂಥ ನಾದ ಹೊಮ್ಮುತ್ತದೆ. ಚಿಕ್ಕ ಕಂಪನಿಯೊಂದು 1988ರಲ್ಲಿ ಹೊರತಂದ ಇವರ ‘ಡೇಡ್ರೀಮ್ ನೇಷನ್’ ಮುಂದೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸಂರಕ್ಷಿಸುವ ಧ್ವನಿಮುದ್ರಣಗಳ ಪಟ್ಟಿ ಸೇರಿತು.

ಇಷ್ಟೆಲ್ಲ ಸಾಧ್ಯವಾದದ್ದು ಬಾಡಿಗೆ ಕಡಿಮೆ ಇದ್ದುದರಿಂದ. ಬಾಡಿಗೆ ಏರಿದಂತೆ ಒಂದೊಂದೇ ಬಾಗಿಲು ಮುಚ್ಚಿತು. 2006ರ ಅಕ್ಟೋಬರ್‌ನಲ್ಲಿ ಪ್ಯಾಟಿ ಸ್ಮಿತ್ ಕಚೇರಿಯೊಂದಿಗೆ ಸಿಬಿಜಿಬಿ ಕೊನೆಗೊಂಡಿತು. 2008ರಲ್ಲಿ ಅಲ್ಲಿ ದುಬಾರಿ ಉಡುಪಿನ ಅಂಗಡಿ ಬಂತು. ನಾರ್ಫೋಕ್ ಬೀದಿಯ ಟಾನಿಕ್ 2007ರಲ್ಲಿ ಮುಚ್ಚಿತು. ಸ್ಯಾಕ್ಸೊಫೋನ್ ವಾದಕ ಜಾನ್ ಝೋರ್ನ್ 2005ರಲ್ಲಿ ಆರಂಭಿಸಿದ ದಿ ಸ್ಟೋನ್ ಮಾತ್ರ ಪಾರಾಯಿತು. ಟಿಕೆಟ್ಟಿನ ಹಣವೆಲ್ಲ ಕಲಾವಿದರಿಗೇ ಎಂಬುದು ಅದರ ನಿಯಮ. 2018ರಲ್ಲಿ ಅದಕ್ಕೆ ಆಶ್ರಯ ಕೊಟ್ಟದ್ದು ನ್ಯೂ ಸ್ಕೂಲ್ ಎಂಬ ವಿಶ್ವವಿದ್ಯಾಲಯ.

ನ್ಯೂಯಾರ್ಕ್‌ವರೆಗೆ ಹೋಗಲಾಗದವರು ಇಯರ್‌ಫೋನ್ ಹಾಕಿಕೊಂಡು ‘ಫ್ರೀ ಜಾಝ್’ ಕೇಳಬಹುದು. ಸುಮಾರು 37 ನಿಮಿಷ. ಎಡಗಿವಿಯಲ್ಲಿ ನಾಲ್ವರು, ಬಲಗಿವಿಯಲ್ಲಿ ನಾಲ್ವರು ಏಕಕಾಲಕ್ಕೆ ನುಡಿಸುತ್ತಾರೆ. ಮೊದಲ ಸಲ ಗದ್ದಲವೆನಿಸಿದರೆ ಆಶ್ಚರ್ಯವಿಲ್ಲ. ಎರಡನೇ ಸಲ ಒಬ್ಬರನ್ನೇ ಹಿಡಿದು ಹಿಂಬಾಲಿಸಿ. ಒಬ್ಬರು ಇನ್ನೊಬ್ಬರಿಗೆ ಉತ್ತರಿಸುವುದು ಕೇಳತೊಡಗುತ್ತದೆ. ತಂದೆತಾಯಿಗಳಲ್ಲೂ ಒಂದು ಮಾತು: ಮಗನೋ ಮಗಳೋ ಗಿಟಾರಿನ ತಂತಿಗೆ ಪೆನ್ಸಿಲ್ ಸಿಕ್ಕಿಸಿ ಕುಳಿತಿದ್ದರೆ, ಗದರುವ ಮುನ್ನ ನಾದ ಹೇಗೆ ಬದಲಾಯಿತೆಂದು ಕೇಳಿ. ಬೌವರಿಯಲ್ಲಿ ಬಾಡಿಗೆ ಏರಿಹೋಯಿತು. ನಮ್ಮ ಮನೆಯ ಒಂದು ಮೂಲೆಗೆ ಇನ್ನೂ ಬಾಡಿಗೆಯಿಲ್ಲ.