ಮೇಜಿನ ಮೇಲೊಂದು ಎಡಕುಮೇರಿ

ಬಗ್ಗಿ, ಕಣ್ಣನ್ನು ಹಳಿಯ ಮಟ್ಟಕ್ಕೆ ತನ್ನಿ. ಎಡಕ್ಕೆ ಸುರಂಗದ ಬಾಯಿ, ಮುಂದೆ ಪುಟ್ಟ ಸೇತುವೆ, ಬಲಕ್ಕೆ ಕಣಿವೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಸುಮಾರು 55 ಕಿಲೋಮೀಟರ್ ಘಾಟಿಯಲ್ಲಿ ಇಂಥ 57 ಸುರಂಗಗಳಿವೆ. ಇಲ್ಲಿ ಎದ್ದು ನಿಲ್ಲುತ್ತಿರುವುದು ಎಡಕುಮೇರಿ ಆಸುಪಾಸಿನ ಒಂದು ತಿರುವಿನ ಮಾದರಿ, 87ರಲ್ಲಿ ಒಂದು ಪಾಲಿಗೆ ಕುಗ್ಗಿದ್ದು. ಏರು 50ಕ್ಕೆ 1. ಎರಡು ಮೀಟರ್ ಮೇಜಿನ ಈ ತುದಿಯಿಂದ ಆ ತುದಿಗೆ ಹಳಿ 4 ಸೆಂಟಿಮೀಟರ್ ಮೇಲೇರಿದೆ.

ಗುಡ್ಡ ಇನ್ನೂ ಬೋಳು. ಥರ್ಮೊಕೋಲ್ ಕೊರೆದು, ಪ್ಲಾಸ್ಟರಿನಲ್ಲಿ ಅದ್ದಿದ ಬಟ್ಟೆ ಹೊದಿಸಿ, ಕೆಮ್ಮಣ್ಣಿನ ಬಣ್ಣ ಬಳಿದಾಗಿದೆ. ಈಗ ಮಣ್ಣು ಹಾಕಬೇಕು, ನಿಜವಾದ ಮಣ್ಣೇ. ಹುರಿದು ಒಣಗಿಸಿದ್ದನ್ನು ಚಹಾ ಜಾಲರಿಯಲ್ಲಿ ಸೋಸಿ, ಹಾಳೆಯ ಮೇಲೆ ಹರಡಿ, ಅಯಸ್ಕಾಂತ ಆಡಿಸಿ. ನೋಡಿದಿರಾ, ಅದರ ತುದಿಗೆ ಮೀಸೆಯಂತೆ ಎದ್ದು ನಿಂತ ಕಪ್ಪು ಪುಡಿ? ಅದು ಕಬ್ಬಿಣದ ಅಂಶ. ಇಂಜಿನ್ನಿನ ಮೋಟರಿಗೆ ಹೊಕ್ಕರೆ ಮೋಟರೇ ಕೆಡುತ್ತದೆ. ಫೆವಿಕಾಲ್‌ಗೆ ನೀರು ಬೆರೆಸಿ ತೆಳ್ಳಗೆ ಮಾಡಿ, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ, ಗುಡ್ಡಕ್ಕೆ ಉದುರಿಸಿದ ಮಣ್ಣಿನ ಮೇಲೆ ಹನಿಸಿ. ಆ ಹನಿ ಇಲ್ಲದಿದ್ದರೆ ಅಂಟು ಮಣ್ಣಿನ ಮೇಲೆಯೇ ಉರುಳಾಡುತ್ತದೆ, ಒಳಗಿಳಿಯುವುದಿಲ್ಲ.

ಹುಲ್ಲಿಗೆ ಬನ್ನಿ. ಇಳಿಜಾರಿಗೆ ಅಂಟು ಸವರಿ, ಹಸಿ ಅಂಟಿನಲ್ಲಿ ಒಂದು ಮೊಳೆ ಚುಚ್ಚಿ, ಹುಲ್ಲು ಉದುರಿಸುವ ಯಂತ್ರದ ವೈರಿನ ಕ್ಲಿಪ್ಪನ್ನು ಅದಕ್ಕೆ ಕಚ್ಚಿಸಿ. ಯಂತ್ರದ ಜಾಲರಿಯ ತುಂಬ 4 ಮಿಲಿಮೀಟರಿನ ನೈಲಾನ್ ಎಳೆಗಳು. ಸ್ವಿಚ್ ಒತ್ತಿ ಅಲುಗಿಸಿ. ಸ್ಥಾಯಿ ವಿದ್ಯುತ್ತಿನ ಸೆಳೆತಕ್ಕೆ ಪ್ರತಿ ಎಳೆಯೂ ಬುಡ ಕೆಳಗಾಗಿ ಅಂಟಿನಲ್ಲಿ ನೆಟ್ಟಗೆ ನಿಲ್ಲುತ್ತದೆ. ಎಲ್ಲ ಕಡೆ ಒಂದೇ ದಟ್ಟಣೆ ಬೇಡ. ಚರಂಡಿಯ ಅಂಚಿಗೆ ಉದ್ದದ್ದು, ಗ್ಯಾಂಗ್‌ಮನ್ ನಡೆಯುವ ಜಾಡಿನಲ್ಲಿ ಗಿಡ್ಡದ್ದು, ಬಂಡೆಯ ನೆತ್ತಿಯಲ್ಲಿ ಒಣಗಿದ ಹಳದಿ. ನೀರು ಒಸರುವ ತಡೆಗೋಡೆಗೆ ಹುಲ್ಲೇ ಬೇಡ; ಕಡು ಹಸಿರಿನ ನುಣ್ಣನೆಯ ಸ್ಪಂಜಿನ ಪುಡಿ ಉದುರಿಸಿದರೆ ಪಾಚಿ ಬಂತು.

ಮರದ ವಿಷಯಕ್ಕೆ ಮಾತ್ರ ನನ್ನದು ಹಟ. ಅಂಗಡಿಯ ಅಂಗೈಯುದ್ದದ ಮರಗಳನ್ನು ಪಕ್ಕಕ್ಕಿಡಿ. ಮಳೆಕಾಡಿನಲ್ಲಿ 30 ಮೀಟರಿನ ಮರ ಸಾಮಾನ್ಯ. ಇಲ್ಲಿಗೆ ಅದು 34 ಸೆಂಟಿಮೀಟರ್. ಸುಮಾರು 21 ಮೀಟರಿನ ಡೀಸೆಲ್ ಇಂಜಿನ್ ಇಲ್ಲಿ ಬರೀ 24. ಘಾಟಿಯಲ್ಲಿ ರೈಲು ಚಿಕ್ಕದು, ಕಾಡು ದೊಡ್ಡದು. ಆ ಅಳತೆ ತಪ್ಪಿದರೆ ಎಷ್ಟು ಚೆಂದದ ಎಲೆ ಅಂಟಿಸಿದರೂ ಅದು ಉದ್ಯಾನವೇ ಆದೀತು. ಹಳೆಯ ಕೇಬಲ್ಲಿನ ತಾಮ್ರದ ಎಳೆಗಳನ್ನು ಹೊಸೆಯಿರಿ: ಬುಡಕ್ಕೆ ಎಲ್ಲ ಎಳೆ, ಮೇಲೇರಿದಂತೆ ಎರಡೆರಡು ಕವಲು, ತುದಿಗೆ ಒಂದೊಂದೇ. ಕಾಂಡ ಬಹುದೂರ ಬೋಳಾಗಿಯೇ ಹೋಗಲಿ. ಬೆಳಕಿಗಾಗಿ ಪೈಪೋಟಿ ನಡೆಸಿದ ಮರ ಕೆಳಗೆ ಕೊಂಬೆ ಇಟ್ಟುಕೊಳ್ಳುವುದಿಲ್ಲ. ನೆತ್ತಿಗೂ ಒಂದೇ ಹಸಿರು ಬೇಡ. ನಾಗಸಂಪಿಗೆಯ ಚಿಗುರು ಕೆಂಪು, ಅದರ ಹಿಂದಿನ ಮರ ಕಪ್ಪು ಹಸಿರು, ನಡುವೆ ಬೈನೆಯ ಜೋಲುಗರಿ.

ಮರಗಳನ್ನು ತೂತಿನಲ್ಲಿ ನಿಲ್ಲಿಸಿ, ಅಂಟು ಹಾಕುವ ಮೊದಲು ಅತಿ ಉದ್ದದ ಬೋಗಿಯನ್ನು ಕೈಯಿಂದಲೇ ನಿಧಾನ ತಳ್ಳಿ. ತಿರುವಿನ ಒಳಮಗ್ಗುಲಿಗೆ ಅದರ ನಡುಭಾಗ ಚಾಚಿಕೊಳ್ಳುತ್ತದೆ. ಬೈನೆಯ ಗರಿ ಕಿಟಕಿಗೆ ತಾಗಿತೇ? ಗರಿ ಕತ್ತರಿಸಬೇಡಿ. ಮರವನ್ನೇ ಎತ್ತಿ, ಒಂದು ಬೆರಳಗಲ ಹಿಂದಕ್ಕೆ ಹೊಸ ತೂತು ಕೊರೆಯಿರಿ.