ನೋವು ಹೇಳಿದರೆ ಆಟ ನಿಂತೀತೆಂಬ ಭಯ

2024ರ ಆಗಸ್ಟ್ ತಿಂಗಳು. ಕುಷ್ಟಗಿ ತಾಲ್ಲೂಕಿನ ನಮ್ಮ ಪ್ರೌಢಶಾಲೆಯ ಮೈದಾನದಲ್ಲಿ ಹುಡುಗಿಯರ ಖೊಖೊ ಅಭ್ಯಾಸ ನಡೆದಿತ್ತು. ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಹತ್ತೇ ದಿನ ಉಳಿದಿತ್ತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಓಡುತ್ತಿದ್ದವಳು ನಿಂತು, ಸುತ್ತಲೂ ನೋಡಿ, ಯಾರೂ ಗಮನಿಸುತ್ತಿಲ್ಲ ಎಂದುಕೊಂಡು ಬಗ್ಗಿ ಮೊಣಕಾಲ ಕೆಳಗಿನ ಎಲುಬನ್ನು ಒತ್ತಿಕೊಂಡಳು. ಮರುಕ್ಷಣ ಎದ್ದು ಮತ್ತೆ ಓಡಿದಳು. ಹತ್ತಿರ ಕರೆದು ಕೇಳಿದೆ:

“ಏನವಾ, ಕಾಲು ನೋಯ್ತೈತೇನು?”

“ಏನಿಲ್ರೀ ಟೀಚರ್, ಮುಳ್ಳು ಚುಚ್ಚಿತ್ರೀ.”

ಅದು ಮುಳ್ಳಲ್ಲವೆಂದು ನನಗೆ ಗೊತ್ತಾಯಿತು. ಏಕೆಂದರೆ ಅವಳ ವಯಸ್ಸಿನಲ್ಲಿ ನಾನೂ ಇಂಥದೇ ಸುಳ್ಳು ಹೇಳಿದ್ದೆ.

ನಾನು ಓದಿದ್ದು ಯಲಬುರ್ಗಾ ತಾಲ್ಲೂಕಿನಲ್ಲಿ. ಆಗ ಕೊಪ್ಪಳ ಜಿಲ್ಲೆಯಾಗಿರಲಿಲ್ಲ. 1997ರವರೆಗೆ ನಾವು ರಾಯಚೂರು ಜಿಲ್ಲೆಯವರು. 1988ರಲ್ಲಿ ನಮ್ಮ ಶಾಲೆಯ ಖೊಖೊ ತಂಡದಲ್ಲಿ ನಾನಿದ್ದೆ. ಒಂದು ಪಂದ್ಯದಲ್ಲಿ ಕಂಬದ ಹತ್ತಿರ ಗಕ್ಕನೆ ತಿರುಗುವಾಗ ಬಲ ಮೊಣಕಾಲಿನೊಳಗೆ ‘ಟಕ್’ ಎಂದಿತು. ಯಾರೂ ನನ್ನನ್ನು ದೂಡಿರಲಿಲ್ಲ, ಯಾರೂ ಮೈಮೇಲೆ ಬಿದ್ದಿರಲಿಲ್ಲ. ಬಸ್ಸಿನಲ್ಲಿ ಊರಿಗೆ ಮರಳುವಷ್ಟರಲ್ಲಿ ಕಾಲು ಕೊಡದಂತೆ ಊದಿಕೊಂಡಿತ್ತು. ಎಲುಬು ಕಟ್ಟುವವರೊಬ್ಬರು ಬಂದು ಬಿಸಿ ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿದರು, ಬಿದಿರ ದಬ್ಬೆ ಇಟ್ಟು ಕಟ್ಟಿದರು. ಅಮ್ಮಾ ಕಣ್ಣೀರು ಒರೆಸಿಕೊಳ್ಳುತ್ತ ಹೇಳಿದ ಮಾತು ಒಂದೇ: “ಸಾಕು, ಇನ್ನ ಆಟ ಗೀಟ ಬ್ಯಾಡ.”

ಮೂರು ವಾರದ ನಂತರ ಬಾವು ಇಳಿಯಿತು. ಮೆಟ್ಟಿಲು ಇಳಿಯುವಾಗ ಮೊಣಕಾಲು ಜಾರಿದಂತಾಗುತ್ತಿತ್ತು. ಆದರೆ ಯಾರು ಕೇಳಿದರೂ “ಪೂರಾ ಆರಾಮ ಆಗೇತಿ” ಎನ್ನುತ್ತಿದ್ದೆ. ನೋವು ಹೇಳಿದರೆ ಆಟ ನಿಲ್ಲುತ್ತದೆ, ಹೇಳದಿದ್ದರೆ ಇನ್ನೊಂದು ವರ್ಷವಾದರೂ ಆಡಬಹುದು ಎಂಬುದು ನನ್ನ ಲೆಕ್ಕ. ಮುಂದಿನ ವರ್ಷ ಆಡಿದೆ. ಎರಡು ಸಲ ಅದೇ ಕಾಲು ಕೈಕೊಟ್ಟು ಬಿದ್ದೆ. ಅಲ್ಲಿಗೆ ನನ್ನ ಆಟ ಮುಗಿಯಿತು. ಇಪ್ಪತ್ತು ವರ್ಷ ಕಳೆದ ಮೇಲೆ ಹುಬ್ಬಳ್ಳಿಯಲ್ಲಿ ಎಂಆರ್‌ಐ ಮಾಡಿಸಿದಾಗ ವೈದ್ಯರು ಚಿತ್ರ ತೋರಿಸಿ ವಿವರಿಸಿದರು. ತೊಡೆಯ ಎಲುಬನ್ನೂ ಕೆಳಗಾಲಿನ ಎಲುಬನ್ನೂ ಹಿಡಿದಿಡುವ, ಎಸಿಎಲ್ ಎಂಬ ನಾರಿನ ಪಟ್ಟಿ ಅಂದೇ ಹರಿದುಹೋಗಿತ್ತು. ಅದರ ಮೇಲೆಯೇ ಆಡಿದ್ದರಿಂದ ಮೊಣಕಾಲಿನೊಳಗಿನ ಮೆತ್ತೆಯೂ ಹಾಳಾಗಿತ್ತು. ಮೊದಲನೆಯದು ಅಪಘಾತ, ಎರಡನೆಯದು ನನ್ನ ಮೌನದ ಫಲ.

ನಾನು ದೈಹಿಕ ಶಿಕ್ಷಕಿಯಲ್ಲ, ವಿಜ್ಞಾನ ಕಲಿಸುವವಳು. ಹುಡುಗಿಯರ ತಂಡದ ಜೊತೆ ಹೋಗಲು ಶಿಕ್ಷಕಿಯೊಬ್ಬರು ಬೇಕು ಎಂಬ ಕಾರಣಕ್ಕೆ ವರ್ಷವೂ ಆ ಜವಾಬ್ದಾರಿ ನನ್ನ ಪಾಲಿಗೆ ಬರುತ್ತದೆ. ಹೀಗೆ ಹೋಬಳಿ, ತಾಲ್ಲೂಕು ದಾಟಿ ಕೊಪ್ಪಳದ ಜಿಲ್ಲಾ ಕ್ರೀಡಾಂಗಣದವರೆಗೆ ಎಷ್ಟೋ ತಂಡಗಳ ಜೊತೆ ಹೋಗಿದ್ದೇನೆ. ಅಲ್ಲೆಲ್ಲ ಕಾಣುವ ಗಾಯಗಳು ಹೆಚ್ಚು ಕಡಿಮೆ ಒಂದೇ ಬಗೆಯವು. ಪಾದದ ಕೀಲು ಉಳುಕುವುದು ಎಲ್ಲಕ್ಕಿಂತ ಹೆಚ್ಚು. ಆಮೇಲೆ ಮೊಣಕಾಲು. ಓಟಗಾರ್ತಿಯರಿಗೆ ಕೆಳಗಾಲಿನ ಎಲುಬಿನ ನೋವು. ವಾಲಿಬಾಲ್, ಥ್ರೋಬಾಲ್ ಆಡುವವರಿಗೆ ಬೆರಳು ಮತ್ತು ಭುಜ. ಕಬಡ್ಡಿಯಲ್ಲಿ ಇವೆಲ್ಲವೂ, ಜೊತೆಗೆ ತಲೆಗೆ ಪೆಟ್ಟು.

ಇವುಗಳಲ್ಲಿ ಎಸಿಎಲ್ ಹರಿಯುವುದು ಹುಡುಗಿಯರಲ್ಲಿ ಹೆಚ್ಚು. ಒಂದೇ ಆಟವನ್ನು ಆಡುವ ಹುಡುಗರಿಗೆ ಹೋಲಿಸಿದರೆ ಆಟದಿಂದ ಆಟಕ್ಕೆ ಎರಡು ಪಟ್ಟಿನಿಂದ ಎಂಟು ಪಟ್ಟಿನವರೆಗೆ ಹೆಚ್ಚು ಎಂದು ಅಧ್ಯಯನಗಳು ಹೇಳುತ್ತವೆ. ಇದನ್ನು ಕೇಳಿದ ತಕ್ಷಣ “ಅದಕ್ಕೇ ಹೇಳೂದು, ಹೆಣ್ಮಕ್ಕಳಿಗೆ ಇದೆಲ್ಲ ಯಾಕ?” ಎನ್ನುವವರಿದ್ದಾರೆ. ಅವರು ಮುಂದಿನ ಮಾತನ್ನೂ ಕೇಳಬೇಕು. ಇಂಥ ಗಾಯಗಳಲ್ಲಿ ಬಹುಪಾಲು ಇನ್ನೊಬ್ಬರ ಪೆಟ್ಟಿನಿಂದ ಆಗುವುದಿಲ್ಲ. ಜಿಗಿದು ನೆಲಕ್ಕೆ ಇಳಿಯುವಾಗ, ಓಟದಲ್ಲಿ ಗಕ್ಕನೆ ನಿಂತು ತಿರುಗುವಾಗ ಆಗುತ್ತವೆ. ದೇಹರಚನೆ, ಹಾರ್ಮೋನುಗಳ ಪಾತ್ರವೂ ಇದರಲ್ಲಿ ಇರಬಹುದು. ಆದರೆ ಮೊಣಕಾಲು ಮಡಿಸದೆ ನೆಟ್ಟಗೆ ಇಳಿಯುವುದು, ಇಳಿದಾಗ ಮೊಣಕಾಲುಗಳು ಒಳಕ್ಕೆ ವಾಲುವುದು, ತೊಡೆಯ ಹಿಂಭಾಗದ ಸ್ನಾಯು ಮುಂಭಾಗದಷ್ಟು ಬಲಿಯದಿರುವುದು, ಇವು ಮೂರೂ ತಿದ್ದಬಹುದಾದ ಸಂಗತಿಗಳು. ಹುಡುಗರು ಐದಾರು ವರ್ಷದಿಂದಲೇ ಗಿಡ ಹತ್ತಿ, ಗೋಡೆ ಹಾರಿ, ಹಳ್ಳ ಜಿಗಿದು ಇಳಿಯುವುದನ್ನು ತಾವಾಗಿಯೇ ಕಲಿತಿರುತ್ತಾರೆ. ಹುಡುಗಿಯನ್ನು ಮನೆಯೊಳಗೆ ಕೂರಿಸಿ, ಎಂಟನೆಯ ತರಗತಿಯಲ್ಲಿ ಒಮ್ಮೆಲೇ ಮೈದಾನಕ್ಕೆ ಇಳಿಸಿದರೆ ಆ ಮೊಣಕಾಲಿಗೆ ಕಲಿಸಿದವರು ಯಾರು?

ಕಲಿಸಿದರೆ ಫಲವಿದೆ ಎಂಬುದಕ್ಕೆ ಪುರಾವೆ ಇದೆ. ನಾರ್ವೆ ದೇಶದಲ್ಲಿ 13ರಿಂದ 17 ವರ್ಷದ ಸುಮಾರು 1,900 ಫುಟ್‌ಬಾಲ್ ಆಟಗಾರ್ತಿಯರಲ್ಲಿ ಕೆಲವು ತಂಡಗಳಿಗೆ ಇಪ್ಪತ್ತು ನಿಮಿಷದ ವಿಶೇಷ ಪೂರ್ವಾಭ್ಯಾಸ ಕಲಿಸಿ, ಉಳಿದವರನ್ನು ಎಂದಿನಂತೆ ಆಡಲು ಬಿಟ್ಟು ಹೋಲಿಸಿ ನೋಡಿದರು. 2008ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಅಭ್ಯಾಸ ಮಾಡಿದವರಲ್ಲಿ ಒಟ್ಟು ಗಾಯಗಳು ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆಯಾದವು, ತೀವ್ರ ಗಾಯಗಳು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿದವು. ಇದಕ್ಕೆ ಜಿಮ್ ಬೇಕಿಲ್ಲ, ಯಂತ್ರ ಬೇಕಿಲ್ಲ.

ನಮ್ಮ ಮೈದಾನದಲ್ಲಿ ಈಗ ಅದನ್ನೇ ನಮ್ಮ ರೀತಿಯಲ್ಲಿ ಮಾಡುತ್ತೇವೆ. ಮೊದಲು ನಿಧಾನ ಓಟ, ಅಡ್ಡ ಓಟ, ಹಿಂದಕ್ಕೆ ಓಟ. ಆಮೇಲೆ ಒಂದೇ ಕಾಲಿನ ಮೇಲೆ ಅರ್ಧ ನಿಮಿಷ ನಿಲ್ಲುವುದು. ಜೊತೆಗಾರ್ತಿ ಮೆಲ್ಲಗೆ ದೂಡಿದರೂ ಬೀಳಬಾರದು. ಕುಕ್ಕರಗಾಲಿಗೆ ಬಗ್ಗಿ ಏಳುವುದು. ಮೊಣಕಾಲೂರಿ ಕುಳಿತು, ಗೆಳತಿ ಹಿಮ್ಮಡಿ ಹಿಡಿದಿರುವಾಗ ಮೈಯನ್ನು ನಿಧಾನವಾಗಿ ಮುಂದಕ್ಕೆ ಬಾಗಿಸುವುದು. ತೊಡೆಯ ಹಿಂಭಾಗ ಬಲಿಯಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ. ಕೊನೆಗೆ ಜಿಗಿದು ಇಳಿಯುವುದು. “ಬೆಕ್ಕು ಇಳಿದಂಗ ಇಳೀಬೇಕು, ಸಪ್ಪಳ ಕೇಳಬಾರದು” ಎನ್ನುತ್ತೇನೆ. ಮೊಣಕಾಲು ಮಡಿದಿರಬೇಕು, ಪಾದದ ಬೆರಳುಗಳ ನೇರಕ್ಕೇ ಇರಬೇಕು. ವಾರಕ್ಕೆ ಮೂರು ದಿನವಾದರೂ, ಅದೂ ಜೂನ್ ತಿಂಗಳಿನಿಂದಲೇ ಇದು ನಡೆಯಬೇಕು. ಕೂಟಕ್ಕೆ ಹದಿನೈದು ದಿನ ಇರುವಾಗ ಬೆಳಿಗ್ಗೆ ಸಂಜೆ ಓಡಿಸಿ ಮಕ್ಕಳ ಕಾಲು ಮುರಿಯುವುದು ನಮ್ಮ ಶಾಲೆಗಳ ಹಳೆಯ ರೂಢಿ. ಒಬ್ಬಳೇ ಹುಡುಗಿಯನ್ನು ಒಂದೇ ದಿನ ನೂರು ಮೀಟರ್, ಉದ್ದಜಿಗಿತ, ರಿಲೇ, ಖೊಖೊ ಎಲ್ಲಕ್ಕೂ ಇಳಿಸುವುದೂ ಅಂಥದೇ. ಶಾಲೆಗೆ ಅಂಕ ಬರುತ್ತದೆ, ನಿಜ. ಆ ಕಾಲು ಯಾರದು?

ನೆಲದ ಮಾತೂ ಬೇಕು. ಎರೆ ನೆಲದ ಮೈದಾನ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಸಾರಿ ನೆಲದಲ್ಲಿ ಹರಳುಕಲ್ಲು ಏಳುತ್ತವೆ. ಆಟಕ್ಕೆ ಮೊದಲು ಎಲ್ಲರೂ ಸಾಲಾಗಿ ನಡೆದು ಕಲ್ಲು ಆರಿಸುವುದು, ಬಿರುಕಿಗೆ ಮಣ್ಣು ತುಂಬಿ ನೀರು ಹೊಡೆಯುವುದು ಐದು ನಿಮಿಷದ ಕೆಲಸ. ಸಮವಸ್ತ್ರದ ಕಪ್ಪು ಶೂ ಓಟಕ್ಕಲ್ಲ. ಉಡುಪು ಯಾವುದೇ ಇರಲಿ, ಕಾಲಿಗೆ ತೊಡರುವಂತಿರಬಾರದು. ತಲೆಗೆ ಸ್ಕಾರ್ಫ್ ಧರಿಸಿ ಆಡುವ ಹುಡುಗಿಯರಿಗೆ ನಾನು ಹೇಳುವುದು ಒಂದೇ: ಸೂಜಿ, ಪಿನ್ನು ಬೇಡ, ಮೈಗೆ ಹೊಂದಿ ಕೂರುವ, ಜೋಲು ಬೀಳದ ಬಟ್ಟೆ ಇರಲಿ. ತಲೆವಸ್ತ್ರಕ್ಕೆ ಫುಟ್‌ಬಾಲ್‌ನಲ್ಲಿ 2014ರಲ್ಲಿ, ಬಾಸ್ಕೆಟ್‌ಬಾಲ್‌ನಲ್ಲಿ 2017ರಲ್ಲಿ ಅಂತರರಾಷ್ಟ್ರೀಯ ನಿಯಮಗಳೇ ಅವಕಾಶ ಕೊಟ್ಟವು. ಅಲ್ಲಿಯೂ ಆಟಗಾರ್ತಿಯರ ಸುರಕ್ಷತೆಯ ಷರತ್ತು ಇದೆ.

ಈಗ ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವಳ ತಾಯಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಇಬ್ಬರನ್ನೂ ಕರೆದುಕೊಂಡು ಕೊಪ್ಪಳದ ಆಸ್ಪತ್ರೆಗೆ ಹೋದೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಆದರೆ ವೈದ್ಯರು ಎಲುಬಿನ ಮೇಲೆ ಒಂದೇ ಒಂದು ಜಾಗವನ್ನು ಬೆರಳಿನಿಂದ ಒತ್ತಿದಾಗ ಹುಡುಗಿ ಚೀರಿದಳು. ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತಿದೆ, ಮೊದಮೊದಲು ಅದು ಎಕ್ಸ್‌ರೇಗೆ ಸಿಗುವುದಿಲ್ಲ ಎಂದರು. ಬಳಿಕ ರಕ್ತ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ ಬಹಳ ಕಡಿಮೆ. “ತಿಂಗಳ ಮುಟ್ಟು ಸರಿಯಾಗಿ ಆಗುತ್ತಿದೆಯೇ?” ಎಂದು ಕೇಳಿದರು. ಹುಡುಗಿ ನೆಲ ನೋಡಿದಳು. ನಾಲ್ಕು ತಿಂಗಳಿಂದ ಆಗಿರಲಿಲ್ಲ. ಅವಳು ಅದನ್ನು ತಾಯಿಗೂ ಹೇಳಿರಲಿಲ್ಲ. ಓಟಗಾರ್ತಿಯರಿಗೆ ಹಾಗೇ ಆಗುತ್ತದೆ ಎಂದುಕೊಂಡಿದ್ದಳು.

ಓದುಗ ತಾಯಂದಿರು ಇಲ್ಲಿ ಸ್ವಲ್ಪ ನಿಲ್ಲಬೇಕು. ಕಷ್ಟಪಟ್ಟು ಆಡುವ ಹುಡುಗಿಗೆ ಆಟಕ್ಕೆ ತಕ್ಕ ಊಟ ಸಿಗದಿದ್ದರೆ ದೇಹ ಉಳಿತಾಯಕ್ಕೆ ಇಳಿಯುತ್ತದೆ. ಮೊದಲು ಮುಟ್ಟು ನಿಲ್ಲಿಸುತ್ತದೆ. ಎಲುಬಿಗೆ ಬಲ ಕೊಡುವ ಈಸ್ಟ್ರೊಜೆನ್ ಕಡಿಮೆಯಾಗುತ್ತದೆ. ಎಲುಬು ಸೋಲುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ಪ್ರತ್ಯೇಕ ಹೆಸರನ್ನೇ ಕೊಟ್ಟು ಎಚ್ಚರಿಸಿತು. ಆಡುವ ಹುಡುಗಿಗೆ ಮುಟ್ಟು ನಿಂತರೆ ಅದು ಶ್ರಮದ ಗುರುತಲ್ಲ, ಹಸಿವಿನ ಗುರುತು ಇರಬಹುದು, ವೈದ್ಯರಿಗೆ ತೋರಿಸಲೇಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ರಕ್ತ ಕಡಿಮೆಯಿದ್ದವಳು ಬೇಗ ದಣಿಯುತ್ತಾಳೆ, ದಣಿದವಳ ಹೆಜ್ಜೆ ತಪ್ಪುತ್ತದೆ, ಹೆಜ್ಜೆ ತಪ್ಪಿದಲ್ಲಿ ಕೀಲು ಉಳುಕುತ್ತದೆ.

ಈ ಹುಡುಗಿ ನಸುಕಿನಲ್ಲಿ ಎದ್ದು ಚಹಾ, ಎರಡು ಬಿಸ್ಕಿಟ್ ತಿಂದು ಓಡುತ್ತಿದ್ದಳು. ನೀರು ಹೊತ್ತು, ಕಸ ಮುಸುರೆ ಮುಗಿಸಿ ಶಾಲೆಗೆ ಬರುತ್ತಿದ್ದಳು. ಗಂಗಾವತಿಯ ನನ್ನ ಸಹೋದ್ಯೋಗಿ ಗೆಳತಿ ಹೇಳುವುದೂ ಇದನ್ನೇ. ಅಲ್ಲಿ ತುಂಗಭದ್ರಾ ಕಾಲುವೆಗೆ ನೀರು ಬಿಟ್ಟಾಗ ಭತ್ತದ ನಾಟಿಗೂ ಕ್ರೀಡಾಕೂಟಕ್ಕೂ ಒಂದೇ ಕಾಲ. ರಜೆಯ ದಿನವೆಲ್ಲ ಕೆಸರಿನಲ್ಲಿ ಬಗ್ಗಿದ ಹುಡುಗಿ ಮರುದಿನ ಉದ್ದಜಿಗಿತಕ್ಕೆ ನಿಲ್ಲುತ್ತಾಳೆ. ದೇಹಕ್ಕೆ ಕೂಲಿಯೂ ಒಂದೇ, ಆಟವೂ ಒಂದೇ. ಎರಡೂ ಕೂಡಿಯೇ ಲೆಕ್ಕವಾಗುತ್ತದೆ.

ಪರಿಹಾರ ದುಬಾರಿಯದಲ್ಲ. ನಮ್ಮ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಕಾಳುಪಲ್ಯ, ಸೊಪ್ಪು, ಮೇಲೆ ನಿಂಬೆಹಣ್ಣಿನ ರಸ; ಊಟದ ಜೊತೆ ಚಹಾ ಮಾತ್ರ ಬೇಡ, ಅದು ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. 2021ರ ಡಿಸೆಂಬರ್‌ನಲ್ಲಿ ಕೊಪ್ಪಳವೂ ಸೇರಿ ಏಳು ಜಿಲ್ಲೆಗಳಲ್ಲಿ ಶಾಲಾ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ ಎಷ್ಟೋ ವಾದವಿವಾದ ನಡೆದವು. ಮೈದಾನದ ಅಂಚಿನಲ್ಲಿ ನಿಂತು ನೋಡುವವಳಿಗೆ ಆ ಮೊಟ್ಟೆಯ ಬೆಲೆ ಗೊತ್ತು. ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು ಕಿಟಕಿಯಾಚೆ ಎಸೆಯದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ಗಾಯವಾದರೆ ಏನು ಮಾಡಬೇಕು? ಆಟ ನಿಲ್ಲಿಸಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಅಥವಾ ತಣ್ಣೀರ ಬಟ್ಟೆ ಹದಿನೈದು ನಿಮಿಷ ಇಡಿ. ಕ್ರೇಪ್ ಬ್ಯಾಂಡೇಜ್ ಬಿಗಿ ಮಾಡದೆ ಸುತ್ತಿ. ಕಾಲನ್ನು ದಿಂಬಿನ ಮೇಲೆ ಎತ್ತರಿಸಿ. ಮೊದಲ ಎರಡು ದಿನ ಬಿಸಿ ಶಾಖ ಬೇಡ, ತಿಕ್ಕುವುದಂತೂ ಬೇಡವೇ ಬೇಡ. ನಾಲ್ಕು ಹೆಜ್ಜೆ ಊರಿ ನಡೆಯಲಾಗದಿದ್ದರೆ, ಎಲುಬು ಮುಟ್ಟಿದರೆ ನೋಯುತ್ತಿದ್ದರೆ, ಮೊಣಕಾಲಿನಲ್ಲಿ ‘ಟಕ್’ ಎಂದು ಕೆಲವೇ ಗಂಟೆಗಳಲ್ಲಿ ಊದಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ತಲೆಗೆ ಪೆಟ್ಟಾಗಿ ಮಂಕು ಕವಿದರೆ, ವಾಂತಿಯಾದರೆ ಒಂದು ಕ್ಷಣವೂ ತಡ ಸಲ್ಲ. ಆ ಹುಡುಗಿ ಅಂದು ಮತ್ತೆ ಆಡಲೇಬಾರದು. ಎಲುಬು ಕಟ್ಟುವವರನ್ನು ನಾನು ದೂಷಿಸುವುದಿಲ್ಲ, ಅಂದು ನಮಗೆ ಹತ್ತಿರ ಇದ್ದವರು ಅವರೇ. ಈಗ ಕೊಪ್ಪಳದಲ್ಲಿ ಸರಕಾರಿ ವೈದ್ಯಕೀಯ ಕಾಲೇಜೇ ಇದೆ.

ಆಸ್ಪತ್ರೆಯಿಂದ ಬಂದ ಸಂಜೆ ಹುಡುಗಿಯ ತಂದೆ ಶಾಲೆಗೆ ಬಂದರು.

“ಬಿಡಿಸ್ತೀನ್ರೀ ಟೀಚರ್. ನಾಳೆ ಕೊಡೂ ಹೆಣ್ಮಗಳು, ಕಾಲು ಕುಂಟಾದ್ರ ಏನ್ ಮಾಡೂದ್ರೀ?”

“ಆರು ವಾರ ಬಿಡಿಸ್ರಿ ಅಣ್ಣಾ. ಆಮ್ಯಾಲ ಬಿಡಿಸಬ್ಯಾಡ್ರಿ. ನೀವು ಬಿಡಿಸ್ತೀರಿ ಅಂತನ ಆಕಿ ನೋವು ಹೇಳಿಲ್ಲ. ನನ್ನ ಕಾಲು ನೋಡ್ರಿ, ಹೇಳಲಾರದ್ದಕ್ಕ ಹಿಂಗ ಆಗೇತಿ.”

ಅವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ನಾನು ಅವರಿಗೆ ನಿಖತ್ ಝರೀನ್ ಕಥೆ ಹೇಳಿದೆ. ನಿಜಾಮಾಬಾದಿನ ಆ ಬಾಕ್ಸರ್ 2017ರಲ್ಲಿ ಭುಜದ ಗಾಯಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ದೂರ ಉಳಿದಿದ್ದರು. 2022ರಲ್ಲಿ ವಿಶ್ವ ಚಾಂಪಿಯನ್ ಆದರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮೊಣಕಾಲಿನ ಗಾಯದಿಂದ ಸ್ಟ್ರೆಚರ್ ಮೇಲೆ ಹೋದ ಕುಸ್ತಿಪಟು ವಿನೇಶ್ ಫೋಗಟ್ 2018ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದರು. ಗಾಯ ಆಟದ ಕೊನೆಯಲ್ಲ, ಚಿಕಿತ್ಸೆ ಸಿಕ್ಕರೆ. ನಮ್ಮ ಹುಡುಗಿಯರಿಗೂ ಆ ಸಿಕ್ಕರೆ ಎಂಬ ಒಂದು ಪದವೇ ಬೇಕಾಗಿರುವುದು.

ಆ ವರ್ಷ ಅವಳು ಆಡಲಿಲ್ಲ. ಅಂಕಣದ ಗೆರೆಯ ಹೊರಗೆ ಕುಳಿತು ಅಂಕ ಬರೆದಳು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊಖೊ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಚೈತ್ರಾ ಇದ್ದಾರೆಂದು ತಿಳಿದಾಗ ಶಾಲೆಯಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಇವಳೇ. ಜೂನ್‌ನಲ್ಲಿ ಮೈದಾನಕ್ಕೆ ಮರಳಿದಳು. ಅವಳ ತಂಡ ತಾಲ್ಲೂಕು ಮಟ್ಟದಲ್ಲಿ ಸೋತಿತು. ಅದರ ಬಗ್ಗೆ ನನಗೆ ಹೇಳಿಕೊಳ್ಳುವಂಥ ದುಃಖವಿಲ್ಲ.

ನನಗೆ ನೆನಪಿರುವುದು ಅಭ್ಯಾಸದ ಒಂದು ಸಂಜೆ. ಓಟದ ನಡುವೆ ಅವಳು ತಾನಾಗಿಯೇ ಕೈ ಎತ್ತಿದಳು. ನೇರ ನನ್ನ ಬಳಿ ಬಂದು, ಎಲ್ಲ ಹುಡುಗಿಯರ ಎದುರಿಗೇ ಹೇಳಿದಳು:

“ಟೀಚರ್, ಇವತ್ತ ಕಾಲು ಸ್ವಲ್ಪ ನೋಯಾಕತ್ತೈತ್ರೀ. ಇವತ್ತ ಸಾಕು, ನಾಳೆ ಆಡ್ತೀನಿ.”

ಕುಳಿತುಕೋ ಎಂದೆ. ಹದಿನೈದನೆಯ ವಯಸ್ಸಿನಲ್ಲಿ ನನಗೆ ಆಡಲಾಗದೆ ಹೋದ ಮಾತು ಅದು.